ಕಪ್ಪೆ ಲೆಕ್ಕ

ಏಪ್ರಿಲ್ಲಿನ ಮೊದಲ ಬೆಚ್ಚನೆ ಮಳೆಗೆ
ಕಾಡಿನಿಂದ ಇಳಿದು ಕೆರೆಗೆ ಹೊರಡುತ್ತವೆ ಕಪ್ಪೆಗಳು.
ನಡುವೆ ತಾರ್ತು ಪೇಟೆಗೆ ಹೋಗುವ ರಸ್ತೆ.
ರಸ್ತೆಗಿಂತ ಹಳೆಯದು ಅವುಗಳ ದಾರಿ,
ಲಾರಿಗಳಿಗೆ ಅದು ಗೊತ್ತಿಲ್ಲ.

ರಾತ್ರಿ ಹತ್ತಕ್ಕೆ ನಾವು ಐದು ಜನ,
ಹಳದಿ ಜಾಕೆಟ್ಟು, ಬಕೆಟ್ಟು, ಟಾರ್ಚು.
ಕೈಗವಸು ಒದ್ದೆಯಿರಬೇಕು,
ಒಣ ಕೈ ತಗುಲಿದರೆ ಅವುಗಳ ಚರ್ಮ ಉರಿಯುತ್ತದಂತೆ.
ಹೇಳಿದವಳು ಹನ್ನೊಂದು ವರ್ಷದ ಪಿರೆತ್.
ನಮ್ಮ ಯಜಮಾನಿ. ಲೆಕ್ಕದ ಪುಸ್ತಕ ಅವಳದೇ.

ಮೊದಲ ವರ್ಷ ನಾನು ಬಂದದ್ದು ದಯೆಯಿಂದಲ್ಲ,
ನಿದ್ದೆ ಬಾರದೆ.
ಬ್ರೆಡ್ಡು ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ರಾತ್ರಿ ಪಾಳಿ;
ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿದ್ದು ಕೈ,
ಕಣ್ಣು ಹಾಕಿರಲಿಲ್ಲ.
ಎರಡು ಗಂಟೆಗೆ ಎದ್ದು ಕೂತು
ಅಡುಗೆಮನೆಯ ಗಡಿಯಾರದ ಜೊತೆ ಜಗಳ.

ತಂಗಿ ವೈಕೆ ಫೋನಿನಲ್ಲಿ ನಗುತ್ತಾಳೆ:
"ಏನು ಕೊಡುತ್ತಾರೆ, ಕಪ್ಪೆಗೆ ಎಷ್ಟು?"
ನಾನೂ ಕೂಡಿಸಿ ನೋಡಿದ್ದೇನೆ.
ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ,
ಒಂದನ್ನು ಇಡುವಾಗ ಇನ್ನೊಂದು ನೆಗೆದಿರುತ್ತದೆ.

ಮೊನ್ನೆ ಸಿಕ್ಕಿದ್ದು ಇಷ್ಟು:
ಒಂದು ನೆಗಡಿ.
ಮುದುಕ ಎಂದೆಲ್‌ನ ಥರ್ಮಾಸಿನಿಂದ ಅರ್ಧ ಲೋಟ ಚಹಾ,
ಅದರ ಜೊತೆಗೆ, ನನ್ನ ಮುಖ ನೋಡದೆ, ಬಕೆಟ್ಟಿಗೆ ಹೇಳಿದಂತೆ,
ತೀರಿಹೋದ ಹೆಂಡತಿ ಮೀನು ಸುಡುವಾಗ
ತಪ್ಪು ರಾಗದಲ್ಲಿ ಹಾಡುತ್ತಿದ್ದಳು ಎಂಬ ಮಾತು.
ಗೋಡೆಗೆ ಗೋಡೆ ಅಂಟಿದ ಮನೆ ನಮ್ಮದು,
ಆ ಹಾಡು ನಾನೂ ಕೇಳಿದ್ದೆ.
ಹೇಳಿದೆ. ಅವನು ಟಾರ್ಚು ಆರಿಸಿ
ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತ.

ಆಮೇಲೆ, ಬೆರಳ ನಡುವಿನ ಆ ಪುಟ್ಟ ಗಂಟಲು.
ಹುಳಿಬಂದ ಹಿಟ್ಟು ಕೈಕೆಳಗೆ ಉಬ್ಬುವುದನ್ನು
ಅಷ್ಟು ವರ್ಷ ಮುಟ್ಟಿದವಳು ನಾನು,
ಜೀವ ಅಂದರೆ ಗೊತ್ತು ಅಂದುಕೊಂಡಿದ್ದೆ.
ಹಿಟ್ಟಿಗೆ ಅವಸರವಿಲ್ಲ.
ಇದಕ್ಕೆ ಎಂಥ ಅವಸರ!

ಲಾರಿಯೊಂದು ನಿಂತಿತು. ಚಾಲಕ ಬೈದ,
ಇಳಿದ, ಮತ್ತೆ ಬೈದ,
ಕೊನೆಗೆ ತನ್ನ ಟೋಪಿಯಲ್ಲಿ ಆರು ಕಪ್ಪೆ ದಾಟಿಸಿದ.
ಪಿರೆತ್ ಅವನ ಹೆಸರು ಕೇಳಿ ಬರೆದುಕೊಂಡಳು.
ಚಪ್ಪಟೆಯಾದ ಹತ್ತೊಂಬತ್ತನ್ನೂ ಬರೆದಳು.
"ಅವನ್ನು ಯಾಕೆ ಮಗೂ?" ಅಂದರೆ,
"ಅವೂ ಹೊರಟಿದ್ದವಲ್ಲ."

ಬೆಳಿಗ್ಗೆ ಅಂಗಡಿಯಲ್ಲಿ,
ಮೂರು ವರ್ಷದಿಂದ ನನ್ನ ಹಾಲು ಬೆಣ್ಣೆಗಷ್ಟೇ ಬೆಲೆ ಹೇಳಿದ
ಗಲ್ಲಾದ ಹೆಂಗಸು ತಲೆಯೆತ್ತಿ ಕೇಳಿದಳು:
"ನಿನ್ನೆ ಎಷ್ಟಾಯಿತು, ಸಲ್ಮೆ?"
ನನ್ನ ಹೆಸರು ಅವಳಿಗೆ ಗೊತ್ತಿತ್ತು!
"ಮುನ್ನೂರ ಹನ್ನೆರಡು," ಅಂದೆ,
ಸಾಲಿನಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ.
ಹಾಲು ತರುವುದನ್ನು ಮರೆತು ಮನೆಗೆ ಬಂದೆ.

ಆ ರಾತ್ರಿ ಗಡಿಯಾರ ಎರಡು ಹೊಡೆದಿರಬೇಕು.
ನನಗೆ ಗೊತ್ತಿಲ್ಲ.

ಇವತ್ತೂ ಮೋಡ ಕವಿದಿದೆ.
ಬೂಟು ಇನ್ನೂ ಒಣಗಿಲ್ಲ.