ಒಂದು ಗೇಣು ಪಟ್ಟಿ

ನಶ್ಯದ ಡಬ್ಬಿ ತೆರೆದು ಇಮಾಮಬಿ
ನನ್ನ ಮಗ್ಗದ ಕುಣಿಯ ಅಂಚಿಗೆ ಇಟ್ಟಳು:
ಕಂಚಿನದೊಂದು ಶಿಲುಬಿ, ಅದರ ನಡುವ
ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ
ಮೂಗು ಸವೆದ ಹೆಣ್ಣಿನ ಮಾರಿ.
"ಅಣ್ಣಾ, ಇದರ ಪಟ್ಟಿ ನುಸಿ ತಿಂದೈತಿ.
ಗುಳೇದಗುಡ್ಡದಾಗ ನೇಯಲಾರದ್ದು ಏನೈತಿ?"

ನಾನು ಖಣ ನೇಯಾಂವ.
ಸೂಜಿಮಲ್ಲಿಗಿ, ಆನಿಹೆಜ್ಜಿ, ತುಳಸಿಪಾನ,
ಕುಬಸದ ತೋಳಿಗೆ, ಬಸುರಿಯ ಉಡಿಗೆ ಬೇಕಾದದ್ದು.
ಸಿಪಾಯಿ ಎದಿಗೆ ಏನನ್ನೂ ನೇದಾಂವಲ್ಲ.

ಉಳಿದದ್ದು ಬೆರಳಗಲದ ಚಿಂದಿ.
ಕನ್ನಡಕ ಒರಸಿ ಎಣಿಸಿದೆ:
ಹಸುರು ಹೊಲ, ಅದರಾಗ ಐದು ಕೆಂಪು ಸಾಲು,
ಎರಡೂ ದಡಿಗೆ ಮತ್ತೊಂದೊಂದು ಕೆಂಪೆಳಿ.
ಹೊಸ ಬಣ್ಣ ಅಲ್ಲ ಇದು, ಅಂದರು ಗುರಲಿಂಗ ಮಾಸ್ತರು;
ನೂರು ವರ್ಷ ಹಿಂದಿನ ಕಾಳಗದಾಗ ಬದುಕುಳಿದ
ಮುದುಕರ ಪದಕದಿಂದ ಎರವಲು ತಂದದ್ದು,
ಮಗಳ ಮದುವಿಗೆ ಅವ್ವನ ಸೀರಿ ದಡಿ ಕಿತ್ತು ಹಚ್ಚಿದಂಗ.

ಮಾಸ್ತರು ಕಟ್ಟಿಗೆ ಕುಂತು ಹೇಳತಾ ಹೋದರು,
ನಾನು ಹಾಸು ಹೂಡತಾ ಹೋದೆ.
ಹದಿನೈದರ ಏಪ್ರಿಲ್ಲಿನಾಗ ಫ್ರಾನ್ಸಿನವರು ಕಾನೂನು ಮಾಡಿದರಂತ.
ಅದಕ್ಕೂ ಮೊದಲ ಗಟ್ಟಿಗರ ಹೆಸರು ಕಾಗದದಾಗ ಬರೀತಿದ್ದರು, ಅಷ್ಟ.
ಕಾಗದ ಆ ಕೆಸರಿನಾಗ ಎಷ್ಟು ದಿನ ತಾಳೀತು?
ಸ್ಮಶಾನಕ್ಕ ಕಲ್ಲು ಕಡಿದ ಶಿಲ್ಪಿನೇ
ಇದರ ನಕ್ಷೆನೂ ಬರೆದನಂತ:
ನಾಕು ತೋಳು, ತೋಳಸಂದಿಯಾಗ ಅಡ್ಡಡ್ಡ ಎರಡು ಕತ್ತಿ.
ಇಡೀ ದಂಡು ಹೊಗಳಿದರ ಪಟ್ಟಿ ಮ್ಯಾಲ ಗರಿ,
ಅದಕ್ಕಿಂತ ಸಣ್ಣವರು ಹೊಗಳಿದರ ಚುಕ್ಕಿ,
ಬಂಗಾರದ ಬಣ್ಣದ್ದು, ಬೆಳ್ಳೀದು, ಕಂಚಿಂದು.
ಇಮಾಮಬಿ ಅಜ್ಜಗ ಕಂಚಿಂದು. ಎಲ್ಲಕ್ಕೂ ಕಿರಿದು.

ಹಿಂದ ಇಸವಿ: ೧೯೧೪–೧೯೧೫.
"ಅಷ್ಟಕ್ಕ ಮುಗೀತದ ಅಂತ ಮಾಡಿದ್ದರು," ಮಾಸ್ತರು ಅಂದರು.
"ಮುಗೀಲಿಲ್ಲ. ಹದಿನಾರಂತ ಮತ್ತ ಅಚ್ಚು ಕೆತ್ತಿದರು,
ಮತ್ತ ಹದಿನೇಳು, ಮತ್ತ ಹದಿನೆಂಟು."
ಕೆತ್ತಾಂವಗ ಪ್ರತಿಸಲ ಕೂಲಿ ಕೊಟ್ಟರೇನ್ರಿ?
ಗೊತ್ತಿಲ್ಲಪಾ, ಅಂದು ನಕ್ಕರು.

ಆ ಹೆಣ್ಣು ಯಾರಾಕಿ ಅಂತ
ಅಜ್ಜಿ ಸಾಯೂತನಕ ಕೇಳಿದ್ದಳಂತ.
ಅಜ್ಜ ಬಾಯಿ ಬಿಟ್ಟಿರಲಿಲ್ಲ.
"ಆಕಿ ಹೆಸರು ಗಣರಾಜ್ಯ," ಮಾಸ್ತರು ಬಿಡಿಸಿ ಹೇಳಿದರು.
ಇಮಾಮಬಿ ಉಸಿರು ಬಿಟ್ಟಳು:
"ಮೊದಲ ತಿಳಿದಿದ್ದರ ಮನ್ಯಾಗ ಅರ್ಧ ಜಗಳ ಉಳೀತಿದ್ದವು."

ಕೆಲವಡಿ ದಸ್ತಗೀರಸಾಬ, ಸಲಿಕಿ ಹಿಡಿದ ಸಿಪಾಯಿ.
ಕಾಗದ ಹೇಳತದ: ಗುಂಡು ಸುರಿಯೂ ರಾತ್ರ್ಯಾಗ
ಕುಸಿದ ಕಂದಕ ಅಗೆದು ಇಬ್ಬರನ್ನ ಜೀವಂತ ಎಳೆದಾಂವ.
ಇಬ್ಬರು.
ಮೊಮ್ಮಗಳು ದನಿ ಇಳಿಸಿದಳು:
"ಮೂರು ಮಂದಿ ಇದ್ರಂತ ಅಣ್ಣಾ.
ಮೂರನೇಯಾಂವನ ಕೈ ಅಜ್ಜನ ಕೈಯಾಗಿತ್ತಂತ,
ಬಿಸಿ ಇತ್ತಂತ. ಹಿಂದ ಸರೀರಿ ಅಂತ ಸೀಟಿ ಆತಂತ.
ಊರಿಗೆ ಬಂದ ಮ್ಯಾಲ ರಾತ್ರಿ ಎದ್ದು ಹಿತ್ತಲ ಅಗೀತಿದ್ದ.
ಬೆಳಗಾದರ ಅಜ್ಜಿ ಮುಚ್ಚತಿದ್ದಳು.
ಆ ಜಾಗಾದಾಗ ಈಗೂ ಬದನಿಕಾಯಿ ಛಲೋ ಬರತಾವ."

ಕುಣಿಯೊಳಗ ನನ್ನ ಕಾಲು ತಣ್ಣಗಾದವು.
ನಲವತ್ತು ವರ್ಷ ತೊಡಿಮಟ ನೆಲದಾಗ ಇಳಿದು ನೇದೀನಿ;
ನೆಲಕ್ಕೂ ಹಿಡಿತ ಐತಿ ಅಂತ ಅವತ್ತ ಅನಸ್ತು.

ಬೇಕಾದದ್ದು ಒಂದು ಗೇಣು.
ಗೇಣಿಗಂತ ಹಾಸು ಹೂಡಾಕ ಬರೂದಿಲ್ಲ, ಮೂರು ಗಜ ಆತು.
ಹೊಸ ಹಸುರಿಗೆ ಹಳೇ ಕಂಚು ತೂಗಬಿಟ್ಟರ
ಸುಳ್ಳು ಹೇಳಿದಂಗ ಕಾಣತಿತ್ತು.
ತಣ್ಣಗಾದ ಚಹಾದಾಗ ಅದ್ದಿ ನೆರಳಿಗೆ ಒಣಹಾಕಿದೆ.

ಉಳಿದದ್ದನ್ನ ನನ್ನ ಮೊಮ್ಮಗ ಆಡಿನ ಕೊರಳಿಗೆ ಕಟ್ಟಿ
ಓಣಿ ತುಂಬ ಪರೇಡ್ ಮಾಡಿಸಿದ.
ಹುಡುಗರೆಲ್ಲ ಸಾಲಾಗಿ ನಿಂತು ಸಲಾಮು.
ಬೈಯಾಕ ಎದ್ದೆ.
ಇಮಾಮಬಿ ಡಬ್ಬಿ ಮುಚ್ಚುತ್ತ ಅಂದಳು:
"ಇರ್ಲಿ ಬಿಡ್ರಿ. ಅದೂ ರಾತ್ರಿ ಮಲಗೂಮುಂದ
ಕಾಲಿಲೆ ಮಣ್ಣು ಕೆದರತದ."