ಗೋಡೆಗೆ ಕಾಗದ

ಏಪ್ರಿಲ್ ತಿಂಗಳ ಎರಡನೇ ಸೋಮವಾರ
ಮಕ್ಕಳು ಬಸ್ಸು ಹತ್ತಿ ಹೋದಮೇಲೆ
ಗೋಡೆ ಮುಚ್ಚುವುದು ನನ್ನ ಕೆಲಸ.
ಕಂದು ಕಾಗದದ ಉರುಳೆ, ಏಣಿ, ನಾಲ್ಕು ಸುರುಳಿ ಅಂಟುಪಟ್ಟಿ.
ಮೊದಲು ಅಕ್ಷರಮಾಲೆ. ಆಮೇಲೆ ಮಗ್ಗಿ.
ಆಮೇಲೆ ಓಹಾಯೊ ನಕ್ಷೆ: ನಮ್ಮ ಊರಿರುವ ಕಡೆ
ಬೆರಳು ತಾಗಿ ತಾಗಿ ಬಣ್ಣ ಹೋಗಿ
ಸರೋವರದ ದಂಡೆಯಲ್ಲಿ ಒಂದು ಬಿಳಿ ಚುಕ್ಕೆ.
ಗೋಡೆ ಉತ್ತರ ಹೇಳಿಕೊಡಬಾರದಂತೆ.
ನಿಯಮದ ಪುಸ್ತಕದಲ್ಲಿದೆ.

ಇಪ್ಪತ್ತೆರಡು ವರ್ಷ ಗುಡಿಸಿದ್ದೇನೆ ಈ ಶಾಲೆಯನ್ನು.
ಗೋಡೆ ಪಿಸುಗುಟ್ಟಿದ್ದು ಒಮ್ಮೆಯೂ ಕೇಳಿಲ್ಲ.

ಓಡೆಸಾ ಪ್ರೂಯಿಟ್, ಎಂಟು ವರ್ಷ, ಆರನೇ ಕೋಣೆ, ಮೂರನೇ ತರಗತಿ.
ಓದಲು ಬರುತ್ತದೆ ಅವಳಿಗೆ, ನಾನು ಸಾಕ್ಷಿ.
ಬಾಯ್ಲರ್ ಕೋಣೆಯ ಬಾಗಿಲಲ್ಲಿ ನಿಂತು
ಬ್ಲೀಚು ಡಬ್ಬಿಯ ಇರುವೆಯಂಥ ಅಕ್ಷರಗಳನ್ನು
ಒಂದೂ ಬಿಡದೆ ಓದಿ ಮುಗಿಸಿ
"ಮಿಸ್ಟರ್ ಲೆಮ್, ಇದಕ್ಕೆ ಅಮೋನಿಯಾ ಬೆರೆಸಿದರೆ ಸಾಯ್ತೀರಿ"
ಎಂದು ನನಗೇ ಬುದ್ಧಿ ಹೇಳಿದವಳು.

ಪರೀಕ್ಷೆಯಲ್ಲಿ ಬಂದದ್ದು ಹಾಯಿದೋಣಿಗಳ ಪಂದ್ಯ.
ಅವಳ ಅಜ್ಜ ಮೂವತ್ತು ವರ್ಷ ಇದೇ ನೀರಿನ ಮೇಲೆ
ಅದಿರಿನ ಹಡಗಿನಲ್ಲಿ ಬೆವರಿಳಿಸಿದವನು.
ಹಾಯಿ ಎಂದರೆ ಏನೆಂದು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ.
ಲೇಖಕನ ಉದ್ದೇಶವೇನು? ಗುಳ್ಳೆ ನಾಲ್ಕು, ತುಂಬಬೇಕಾದದ್ದು ಒಂದು.

ಹತ್ತೂ ಹತ್ತಕ್ಕೆ ವಾಕಿಟಾಕಿ ಕರೆಯಿತು:
ಆರನೇ ಕೋಣೆ. ಮರದ ಹೊಟ್ಟು ತನ್ನಿ.

ವಾಂತಿಯಾದ ಉತ್ತರಪತ್ರಿಕೆಯನ್ನು ಬಿಸಾಡುವಂತಿಲ್ಲ.
ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯಿ ಬಿಗಿದು,
ಸಂಖ್ಯೆ ಬರೆದು, ಉಳಿದವುಗಳ ಜೊತೆ ರಾಜಧಾನಿಗೆ ಕಳಿಸಬೇಕು.
ಅದೂ ಪುಸ್ತಕದಲ್ಲಿದೆ.
ಮಿಸ್ ಝಿಮೆಕ್ ಆ ಚೀಲವನ್ನು
ಮೂಗು ಮುಚ್ಚದೆ, ಎರಡೂ ಕೈಯಲ್ಲಿ ಹಿಡಿದು ನಡೆದರು,
ಒಳಗೆ ಉಸಿರಾಡುವುದೇನೋ ಇದೆಯೆಂಬಂತೆ.
ನಾನು ನೆಲ ಒರೆಸುತ್ತಿದ್ದೆ. ಹುಡುಗಿ ಕೇಳಿದ್ದು ಒಂದೇ:
"ಅದು ಲೆಕ್ಕಕ್ಕೆ ಬರುತ್ತಾ?"

ಬಂತು. ಬೇಕಾದದ್ದಕ್ಕಿಂತ ನಾಲ್ಕು ಕಡಿಮೆ ಬಂತು.

ನಾಲ್ಕನೇ ತರಗತಿ ಇರುವುದು ಮಹಡಿಯ ಮೇಲೆ.
ಗೆಳತಿಯರು ಮೆಟ್ಟಿಲು ಹತ್ತುವ ಸದ್ದು
ಕೆಳಗೆ ಕೂತವಳ ತಲೆಯ ಮೇಲೇ ಬೀಳುತ್ತದೆ.
ಬೇಸಿಗೆಯಲ್ಲಿ ಎರಡಂಗುಲ ಬೆಳೆದಿದ್ದಳು, ಮೊಣಕಾಲು ಮೇಜಿಗೆ ತಾಗುತ್ತಿತ್ತು.
ಒಂದು ಸಂಜೆ ಸ್ಪ್ಯಾನರ್ ತಂದು
ಆ ಒಂದು ಮೇಜಿನ ಕಾಲುಗಳನ್ನು ಎರಡು ತೂತು ಮೇಲೇರಿಸಿದೆ.
ನನಗೆ ಗೊತ್ತಿದ್ದ ರಿಪೇರಿ ಅಷ್ಟೆ.

ಶಾಲೆಗೂ ಅಂಕ ಬಂತು, ಒಂದೇ ಅಕ್ಷರ,
ಪತ್ರಿಕೆಯಲ್ಲಿ ದಪ್ಪಗೆ. ಸಂಗೀತದ ಮೇಷ್ಟ್ರು ಹೋದರು.
ಪಿಯಾನೊ ನನ್ನ ಬಾಯ್ಲರಿನ ಪಕ್ಕಕ್ಕೆ ಬಂತು,
ಬಿಸಿಗೆ ಅದರ ತಂತಿ ನಡುರಾತ್ರಿ ಟಿಣ್ಣೆನ್ನುತ್ತದೆ.
ಮಿಸ್ ಝಿಮೆಕ್ ಪ್ರತಿ ವಸಂತದಲ್ಲಿ
ಮೊಟ್ಟೆ ಕಾಯಿಸುತ್ತಿದ್ದ ಪೆಟ್ಟಿಗೆಯೂ ಅಲ್ಲೇ ಇದೆ.
ಮರಿಗಳು ಪರೀಕ್ಷೆಗೆ ಬರುವುದಿಲ್ಲವಂತೆ.
ನಿಜ, ನಾನು ನೋಡಿದ ಒಂದು ಮರಿಯೂ ಬಂದದ್ದಿಲ್ಲ.

ಓಡೆಸಾ ಈಗಲೂ ಬಾಗಿಲಿಗೆ ಬರುತ್ತಾಳೆ.
ಹೊಸ ಡಬ್ಬಿ ತೋರಿಸಿದೆ, ಹಳದಿ ಮುಚ್ಚಳ,
ಉದ್ದುದ್ದ ವಿಷದ ಹೆಸರುಗಳು, ಅವಳಿಗೆಂದೇ ಎತ್ತಿಟ್ಟದ್ದು.
ಕೈಗೆ ತೆಗೆದುಕೊಳ್ಳಲಿಲ್ಲ.
"ಇದಕ್ಕೂ ಟೈಮ್ ಇಡ್ತೀರಾ?" ಅಂದಳು.

ಮತ್ತೆ ಏಪ್ರಿಲ್. ಮೊದಲ ದಿನ ಮುಗಿದಿದೆ,
ನಾಳೆ ಇನ್ನೊಂದು ಭಾಗ.
ಆರನೇ ಕೋಣೆಯಲ್ಲಿ, ಒಂಬತ್ತು ವರ್ಷದವರ ಭುಜದೆತ್ತರದಲ್ಲಿ,
ನಕ್ಷೆಯ ಮೇಲಿನ ಕಾಗದಕ್ಕೆ ಒಂದು ತೂತು.
ಬೆರಳು ತೂರುವಷ್ಟು. ಅಂಚು ಹರಿದಿಲ್ಲ,
ನಿಧಾನವಾಗಿ, ಉಗುರಿನಿಂದ ಕೊರೆದದ್ದು.
ಬಗ್ಗಿ ನೋಡಿದೆ: ಸರೋವರದ ನೀಲಿ ಚೂರು,
ದಂಡೆಯಲ್ಲಿ ಆ ಬಿಳಿ ಚುಕ್ಕೆ.
ಇಂಥದ್ದು ಕಂಡರೆ ತಕ್ಷಣ ಮುಚ್ಚಿ ವರದಿ ಮಾಡಬೇಕು.

ದಿನಚರಿ ಪುಸ್ತಕ ತೆರೆದು
'ಸಾಮಾನು ಕೊರತೆ' ಎಂಬ ಕಡೆ ಬರೆದೆ: ಅಂಟುಪಟ್ಟಿ.
ಸುರುಳಿ ಜೇಬಿನಲ್ಲಿತ್ತು.
ದೀಪ ಆರಿಸಿದೆ.