ಏಳನೇ ಕಾಲಂ

ಹನ್ನೊಂದು ಕಾಲಮ್ಮಿನ ಹಾಳೆ, ಒಂದೊಂದಕ್ಕೂ ಹತ್ತು ಅಂಕ.
ವರ್ಷಕ್ಕೊಮ್ಮೆ ಕೊಡುವ ದೊಡ್ಡ ಪ್ರಶಸ್ತಿ,
ಕೊನೆಯ ಸುತ್ತಿಗೆ ಐದು ಕಟ್ಟಡ.
ನಾಲ್ಕನ್ನು ನೋಡಿ ಮುಗಿಸಿದ್ದೆ:
ನದಿಯ ಮೇಲೆ ಚಾಚಿದ ಹೋಟೆಲು, ಗಾಜಿನ ಬ್ಯಾಂಕು,
ಬೆಳಕನ್ನು ಅಳೆದು ಸುರಿದಂಥ ಮ್ಯೂಸಿಯಂ,
ಇನ್ನೊಂದು ಯಾರದೋ ಮನೆ, ಅದರಲ್ಲಿ ಯಾರೂ ಇರುವುದಿಲ್ಲ.
ಐದನೆಯದು ವಿಜಯಪುರದಲ್ಲಿ,
ಆಸ್ಪತ್ರೆಯ ಹಿಂದೆ, ಶವಾಗಾರಕ್ಕೆ ಹೊಂದಿ,
ಹೆಣಕ್ಕಾಗಿ ಕಾಯುವವರ ಖೋಲಿ.

ಆಟೋದವನಿಗೆ ಜಾಗ ಹೇಳಿದೆ.
ಅವನು ಬಾಡಿಗೆ ಹೇಳಲಿಲ್ಲ. "ಯಾರ್ ಹೋದ್ರಿ ಅಕ್ಕಾರ?" ಅಂದ.
ಅಂಕ ಹಾಕಲು ಬಂದಿದ್ದೇನೆ ಅಂತ ಹೇಳುವುದು ಹೇಗೆ.
ದೂರದವರು, ಅಂದೆ.

ಕಾವಲಿನವನು ಬೀಡಿ ಆರಿಸಿ ಎದ್ದ.
"ಹೆಸರು ಯಮನಪ್ಪ ರೀ. ಎಲ್ಲಾರೂ ನಗತಾರ, ನೀವೂ ನಗರಿ."

ಉದ್ದ ಮೂವತ್ತಡಿ, ಅಗಲ ಹದಿನಾರು, ಛಾವಣಿ ತಗ್ಗು.
ಬಾಗಿಲು ಎರಡು. ಯಾಕೆ ಎರಡು ಅಂದರೆ
"ಒಬ್ಬಾವಗ ಇಬ್ಬರು ಹೆಂಡ್ರು ಬಂದಿರ್ತಾರಲ್ರಿ."
ಕಿಟಕಿ ಒಂದೇ, ಬೇವಿನ ಗಿಡದ ಕಡೆ.
ಕೊಯ್ಯುವ ಕೋಣೆಯ ಕಡೆ ಬರೀ ಗೋಡೆ.
ಕಟ್ಟೆ ಗೇಣೆತ್ತರ,
ಕುರ್ಚಿಯಲ್ಲಿ ಕೂತು ಅಳಲು ಬರದವರಿಗೆ.
ಮೂಲೆಯ ನಳದ ಕೆಳಗೆ ಓರೆಯಾಗಿ ಒಂದು ಕಲ್ಲು,
ನೀರು ಬೀಳುವುದಿಲ್ಲ, ಜಾರುತ್ತದೆ.
ಗೋಡೆಗೆ ಜಾಲಿಯ ಪಟ್ಟಿಗಳು, ಬೆರಳು ತೂರುವಷ್ಟು ಸಂದು,
ಸಂದಿನ ಹಿಂದೆ ಕೌದಿ.
ಸವೆದ ಇಳಕಲ್ ಸೀರೆ, ಧೋತರ, ಪರಕಾರ, ಸಾಲಿಯ ಖಾಕಿ ಚಡ್ಡಿ
ಸೇರಿಸಿ ಹೊಲಿದ ಅರವತ್ತೆರಡು ಕೌದಿ,
ನೆಲದಿಂದ ಛಾವಣಿವರೆಗೆ.

ಕಟ್ಟಿಸಿದವಳು ರುಕ್ಸಾನಾ ಜಹಾಗೀರದಾರ, ಇದೇ ಊರಿನವಳು.
ಎರಡು ಪುಟ ಬರೆಯಬೇಕಾದಲ್ಲಿ ಇಷ್ಟೇ ಬರೆದಿದ್ದಳು:
ನಮ್ಮೂರ ಗುಮ್ಮಟ ಒಂದು ಮಾತನ್ನು ಏಳು ಸಲ ತಿರುಗಿಸುತ್ತದೆ,
ಇದು ಒಂದು ಸಲವೂ ತಿರುಗಿಸಬಾರದು.

ಚಪ್ಪಾಳೆ ತಟ್ಟಿ ನೋಡಿದೆ, ಪರೀಕ್ಷೆಗೆ.
ಕೈಗಳ ನಡುವೆಯೇ ಮುಗಿದುಹೋಯಿತು.
ಆಮೇಲೆ ನಾಚಿಕೆಯಾಯಿತು, ಇಲ್ಲಿ ಚಪ್ಪಾಳೆ.
"ಮೊದಲ ವರಾಂಡದಾಗ ಒಬ್ಬಾಕಿ ಅತ್ರ
ಹತ್ತು ಮಂದಿ ಅತ್ತಂಗ ಆಗತಿತ್ರಿ," ಅಂದ ಯಮನಪ್ಪ,
"ಈಗ ಯಾರ್ದು ಅವರ್ದ."

ಏಳನೇ ಕಾಲಂ: ನೆನಪಿನಲ್ಲಿ ಉಳಿಯುವ ಗುಣ.
ಬಳಸಿದವರನ್ನು ಕೇಳಿಯೇ ತುಂಬಬೇಕು, ನಿಯಮ.
ಕಾಶೀಬಾಯಿ ಹೂಗಾರರನ್ನು ಹುಡುಕಿಕೊಂಡು ಹೋದೆ.
ಹೋದ ಶ್ರಾವಣದಲ್ಲಿ ಅಳಿಯನಿಗಾಗಿ
ಒಂಬತ್ತು ತಾಸು ಆ ಕಟ್ಟೆಯ ಮೇಲೆ ಕೂತವರು.
ಸೇವಂತಿಗೆ ಕಟ್ಟುವ ಕೈ ನಿಲ್ಲಿಸಲಿಲ್ಲ.
"ಯಾವ ಖೋಲಿ?
ಬೇವಿನ ಗಿಡ ಇತ್ತು ನೋಡ್ರಿ ಅಲ್ಲೆ.
ಅವನ ಗಡಿಯಾರ ಬಿಚ್ಚಿ ನನ್ನ ಕೈಯಾಗ ಕೊಟ್ಟಿದ್ರು,
ಅದು ನಡೀತಿತ್ತು. ಅದರ ಸಪ್ಪಳ ಕೇಳತಿತ್ತು.
ಖೋಲಿ ನೆನಪಿಲ್ರಿ."

ಸಂಜೆ ಗುಮ್ಮಟ ಹತ್ತಿದೆ.
ಜಮಖಂಡಿ ಕಡೆಯ ಸಾಲಿ ಹುಡುಗರು ಹೋ ಅಂತ ಕೂಗಿ
ತಮ್ಮದೇ ಹೋ ಬರುವ ದಾರಿ ಕಾಯುತ್ತಿದ್ದರು.
ನನ್ನ ತಮ್ಮ ಹೋದಾಗ ನಾವು ಕಾದದ್ದು
ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ,
ದಾಟುವವರಿಗೆಲ್ಲ ಮೊಣಕಾಲು ಸರಿಸುತ್ತ.
ಅವನ ಹೆಸರು ಬಾಯಿಗೆ ಬಂತು.
ಒಂದು ಸಲ ಕರೆಯಬಲ್ಲೆ.
ಉಳಿದ ಆರನ್ನು ಯಾರು ಕೇಳಿಸಿಕೊಳ್ಳುವುದು?
ಗೋಡೆ ಹಿಡಿದುಕೊಂಡು ಇಳಿದೆ.

ಲಾಡ್ಜಿನಲ್ಲಿ ಹಾಳೆ ಬಿಡಿಸಿ ಏಳನೇ ಕಾಲಮ್ಮಿಗೆ
ಸೊನ್ನೆ ಬರೆದೆ. ಕೇಳಿದ್ದನ್ನೇ ಬರೆದದ್ದು, ಸುಳ್ಳಲ್ಲ.
ಸೊಲ್ಲಾಪುರದ ಗಾಡಿ ಹೋದ ಮೇಲೆ
ಆ ಸೊನ್ನೆಯ ಎಡಕ್ಕೆ ಒಂದು ಗೀಟು ಎಳೆದೆ.
ಉಳಿದ ನಾಲ್ವರು ತೀರ್ಪುಗಾರರು ಏನು ಬರೆಯುತ್ತಾರೋ.

ಹೊರಡುವಾಗ ಯಮನಪ್ಪ ಕೇಳಿದ್ದ:
"ಬಹುಮಾನ ಬಂದ್ರ ಹಿತ್ತಾಳಿ ಬೋರ್ಡ ಹಚ್ಚತಾರಂತಲ್ರಿ?
ಬೇಕಾದ್ರ ಆ ಗೇಟಿಗೆ ಹಚ್ಚಾಕ ಹೇಳ್ರಿ.
ಒಳಗ ಮೊಳಿ ಹೊಡದ್ರ
ಕೌದಿ ಹರಿತಾವ."